ಔಷಧ ಕೆಟ್ಟ ದಿನ

ಪಾಪಿನಾಯಕನಹಳ್ಳಿಯ ಸಂಘಮಿತ್ರಾ ಹೊಸಪೇಟೆ ಹೊರವಲಯದ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷದಿಂದ ಒಂದೇ ಔಷಧದ ಹಿಂದೆ ಬಿದ್ದಿದ್ದಳು. ಮೇದೋಜೀರಕ ಗ್ರಂಥಿಯ ಗಡ್ಡೆ ಹೊಟ್ಟೆಯ ಆಳದಲ್ಲಿ ಅಡಗಿರುತ್ತದೆ. ನೋವು ಶುರುವಾಗುವಷ್ಟರಲ್ಲಿ ತಡವಾಗಿರುತ್ತದೆ. ಅವಳು ಮಾಡುವ ವಿಕಿರಣಶೀಲ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಗಡ್ಡೆಗೆ ಅಂಟಿಕೊಂಡು ಸ್ಕ್ಯಾನಿನಲ್ಲಿ ಹೊಳೆಯುತ್ತಿತ್ತು. ಆದರೆ ಬರೀ ಬಾವು ಇದ್ದರೂ ಅಂಟುತ್ತಿತ್ತು. ಅದರ ಶಕ್ತಿಯೋ, ಗಂಟೆಯೊಂದು ಕಳೆಯುವಷ್ಟರಲ್ಲಿ ಅರ್ಧಕ್ಕಿಳಿಯುತ್ತಿತ್ತು. ಹಾಗಾಗಿ ರೋಗಿ ಬಂದ ದಿನವೇ ಮಾಡಿ, ಪರೀಕ್ಷಿಸಿ, ಚುಚ್ಚಬೇಕು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅಂದಾನಪ್ಪನ ಸ್ಕ್ಯಾನ್ ಚಿತ್ರದಲ್ಲಿ ಒಂದು ಸಣ್ಣ ಚುಕ್ಕಿ ಕಂಡಿತು. ಆರು ವಾರ ಬಿಟ್ಟು ಮತ್ತೆ ನೋಡೋಣ, ಬಾವಾಗಿದ್ದರೆ ಮಾಸುತ್ತದೆ, ಗಡ್ಡೆಯಾಗಿದ್ದರೆ ಉಳಿಯುತ್ತದೆ ಎಂದರು ಡಾಕ್ಟರು. ಅವರು ಹೇಳಿದ ದಿನಕ್ಕೇ ಆತ ಬಂದು ಕೂತಿದ್ದ. ಅಂದೇ ಔಷಧ ಶುದ್ಧತೆಯ ಪರೀಕ್ಷೆಯಲ್ಲಿ ಕೂದಲೆಳೆಯಷ್ಟರಲ್ಲಿ ಸೋತಿತು. ಸಂಘಮಿತ್ರಾ ತಾನೇ ಹೊರಬಂದು ಹೇಳಿದಳು.

"ಇವತ್ತು ಕೊಡಾಕ ಬರಂಗಿಲ್ರಿ. ಔಷಧ ಕೆಟ್ಟೈತಿ."

ಅಂದಾನಪ್ಪ ನಕ್ಕ. "ನಮ್ಮ ಮಿಲ್ಲಿನ್ಯಾಗೂ ಒಮ್ಮೊಮ್ಮೆ ಬರೀ ನುಚ್ಚೇ ಬರ್ತೈತಿ ಬಿಡವ್ವ. ಸರಿ ಆದ ಮ್ಯಾಲ ಫೋನ್ ಮಾಡು, ಬರ್ತೀನಿ."

"ಮಾಡ್ತೀನ್ರಿ."

ಔಷಧ ಯಾಕೆ ಕೆಟ್ಟಿತೆಂದು ಹುಡುಕುವುದರಲ್ಲೇ ಅವಳಿಗೆ ಮೂರು ವಾರ ಹಿಡಿಯಿತು. ಅಂದಾನಪ್ಪನನ್ನು ಡಾಕ್ಟರು ಕರೆಸಿರುತ್ತಾರೆ ಎಂದುಕೊಂಡಳು. ಅವಳೇ ಕರೆದಿರುತ್ತಾಳೆ ಎಂದು ಡಾಕ್ಟರು ಅಂದುಕೊಂಡರು. ಏಳು ತಿಂಗಳ ಮೇಲೆ ಆತನ ಫೈಲಿನ ಮೇಲೆ 'ಮೃತ' ಎಂದು ಬರೆದದ್ದು ಕಂಡಿತು.

ಅಂದಿನಿಂದ ಆ ಚುಕ್ಕಿ ಅವಳನ್ನು ಬಿಡಲಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ, ಅನ್ನದ ತಟ್ಟೆಯಲ್ಲಿ, ಬಸ್ಸಿನ ಕಿಟಕಿಯ ಗಾಜಿನ ಮೇಲೆ. ಯಾರಾದರೂ ನಕ್ಕರೆ ತಿರುಗಿ ನೋಡುತ್ತಿದ್ದಳು. ತಡೆಯಲಾಗದೆ ಒಂದು ಭಾನುವಾರ ಕಂಪ್ಲಿಗೆ ಹೋದಳು.

ಆಸ್ಪತ್ರೆಯಿಂದ ಬಂದೆ ಎನ್ನುತ್ತಲೇ ಅಂದಾನಪ್ಪನ ಹೆಂಡತಿ ಎರ್ರಮ್ಮ ಬಾಗಿಲಲ್ಲೇ ಕೇಳಿದಳು, "ನೀನೇ ಏನು ಆ ಔಷಧದ ಹುಡುಗಿ?"

"ಹೌದ್ರಿ. ಫೋನ್ ಮಾಡ್ತೀನಿ ಅಂದಿದ್ದೆ. ಮಾಡಲಿಲ್ಲ."

"ಒಳಗ ಬಾ, ಕುಂದ್ರು."

ಎರ್ರಮ್ಮ ನೀರು ಕೊಟ್ಟು ಎದುರಿಗೆ ಕೂತಳು. ಆಮೇಲೆ, "ದಿನಾ ಕೇಳ್ತಿದ್ರು, ಫೋನ್ ಬಂದಿತ್ತೇನು ಅಂತ. ನಾವ ಹೋಗೂನು ನಡೀರಿ ಅಂದ್ರ, ಬ್ಯಾಡ, ಆ ಹುಡುಗಿ ಕರೀತಾಳ, ಸುಳ್ಳು ಹೇಳೋ ಮುಖ ಅಲ್ಲ ಅಂತಿದ್ರು," ಎಂದಳು.

ಗೋಡೆಯ ಗೂಡಿನಲ್ಲಿ ಒಂದು ಹಳೆಯ ಮೊಬೈಲು ಚಾರ್ಜಿಗಿತ್ತು. ಸಂಘಮಿತ್ರಾ ಅದನ್ನೇ ನೋಡುತ್ತಿದ್ದುದು ಎರ್ರಮ್ಮನಿಗೆ ತಿಳಿಯಿತು.

"ಅವರದ. ಇನ್ನೂ ದಿನಾ ಚಾರ್ಜಿಗೆ ಹಾಕ್ತೀನಿ. ಬಿಡಾಕ ಆಗವಲ್ದು." ಅವಳತ್ತ ತಿರುಗಿ, "ನಿಂದೇನೂ ತಪ್ಪಿಲ್ಲ ಅಂತ ನಾ ಅನ್ನಂಗಿಲ್ಲವ್ವ."

"ಅನ್ಬ್ಯಾಡ್ರಿ."

"ಆ ಚಿತ್ರ ಐತೇನು?"

ಸಂಘಮಿತ್ರಾ ತಂದಿದ್ದ ಸ್ಕ್ಯಾನಿನ ಪ್ರತಿಯನ್ನು ಚೀಲದಿಂದ ತೆಗೆದು ಕೊಟ್ಟಳು. ಎರ್ರಮ್ಮ ಚುಕ್ಕಿಯ ಮೇಲೆ ಬೆರಳಿಟ್ಟಳು. ಅದು ಬೆರಳಡಿ ಪೂರ್ತಿ ಮುಚ್ಚಿಹೋಯಿತು. "ಇಷ್ಟ ಇತ್ತು," ಎಂದಳು. ಚಿತ್ರ ವಾಪಸು ಕೊಡಲಿಲ್ಲ.

ಔಷಧ ಕೆಟ್ಟು ವಾಪಸು ಹೋದ ರೋಗಿಗೆ ಫೋನ್ ಮಾಡಿ ಮತ್ತೆ ಕರೆಸುವುದು ಔಷಧ ಮಾಡಿದವರದೇ ಕೆಲಸ ಎಂದು ಸಂಘಮಿತ್ರಾ ಆಸ್ಪತ್ರೆಯಲ್ಲಿ ನಿಯಮ ಬರೆಸಿದಳು. ಆ ಬೇಸಿಗೆಯಲ್ಲಿ ಮತ್ತೊಮ್ಮೆ ಔಷಧ ಕೆಟ್ಟು, ಮೊದಲ ಚಿತ್ರದಲ್ಲಿ ಅಂಥದೇ ಚುಕ್ಕಿ ಕಂಡಿದ್ದ ದರೋಜಿಯ ಪಂಪಮ್ಮ ಎರಡನೇ ಚಿತ್ರವಾಗದೆ ಊರಿಗೆ ಮರಳಿದಳು. ಔಷಧ ಸರಿಯಾದ ಮೇಲೆ ನಾಲ್ಕು ದಿನ ಕರೆದರೂ ಯಾರೂ ಫೋನ್ ಎತ್ತಲಿಲ್ಲ. ಐದನೆಯ ದಿನ ಸಂಘಮಿತ್ರಾ ಬಸ್ಸು ಹತ್ತಿ ದರೋಜಿಗೇ ಹೋದಳು. ಪಂಪಮ್ಮ ಹೊಲದಲ್ಲಿದ್ದಳು. "ಹೊಟ್ಟಿನೋವು ಹೋಗೈತಿ, ಬರಂಗಿಲ್ಲ," ಎಂದಳು. ಸಂಘಮಿತ್ರಾ ಬದುವಿನ ಮೇಲೆ ಕೂತುಬಿಟ್ಟಳು. ಬರುತ್ತೇನೆ ಅನ್ನುವವರೆಗೂ ಏಳಲಿಲ್ಲ.

ಎರಡನೇ ಚಿತ್ರದಲ್ಲೂ ಪಂಪಮ್ಮನ ಚುಕ್ಕಿ ಮಾಸಿರಲಿಲ್ಲ. ಗಡ್ಡೆ ಇನ್ನೂ ಹರಡಿಲ್ಲವೆಂದು ಆಪರೇಷನ್ ಮಾಡಿ ಪೂರ್ತಿ ತೆಗೆದರು. ಆ ಸುದ್ದಿ ಕೇಳಿ ಸಂಘಮಿತ್ರಾ ವಾರ್ಡಿನ ಹೊರಗೆ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಪಂಪಮ್ಮನ ಸೊಸೆ ಗಾಬರಿಯಿಂದ ಓಡಿಬಂದಳು.

"ಏನಾತ್ರಿ? ನಮ್ಮತ್ತಿಗೆ ಏನಾತು?"

"ಏನಿಲ್ರಿ, ಒಳ್ಳೇದ ಆಗೈತಿ," ಎಂದಳು ಸಂಘಮಿತ್ರಾ. ಅಳು ಮಾತ್ರ ನಿಲ್ಲಲಿಲ್ಲ.