ಪಕ್ಕದ ಸೀಟಿನ ಬ್ರೇಕು

"ಶಾಲೆಯಿಂದ ಹೊರಗೆ ಹಾಕಿದ್ದು ಮಗೂನ ಅಲ್ಲ ಕಣೇ ಅಕ್ಕಾ, ಭಾವನ್ನ."

ಶಾಲೆಯಿಂದ ನೇರ ಬಂದ ತಂಗಿ, ಅಕ್ಕ ಕೆಲಸ ಮಾಡುವ ಟೈಲರ್ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಸುದ್ದಿ ಒದರಿದಳು. ಅಕ್ಕ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ಸೂಜಿ ಯಾರದೋ ಪ್ಯಾಂಟಿನ ಜಿಪ್ಪಿನ ಮೇಲೆ ಹಾಗೇ ನಿಂತಿತು.

"ನೆಟ್ಟಗೆ ಹೇಳೆ."

"ನೆಟ್ಟಗೇ ಹೇಳ್ತಿದೀನಿ. ಮಗು ತನ್ನ ಪಾಡಿಗೆ ಬಣ್ಣ ಹಚ್ಕೊಂಡು ಕೂತಿತ್ತು. ಇವರು ಕಿಟಕಿ ಹೊರಗೆ ನಿಂತು, ಎಡಕ್ಕೆ, ಎಡಕ್ಕೆ, ನಿಧಾನ ಅಂತಿದ್ರು."

ಅಕ್ಕನಿಗೆ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಅವಳ ಗಂಡ ಡ್ರೈವಿಂಗ್ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗೊಂದು ಬೇರೆ ಬ್ರೇಕು ಇಟ್ಟುಕೊಂಡು, ಅದನ್ನು ಒತ್ತೊತ್ತಿಯೇ ಸಂಸಾರ ಸಾಕಿದವರು. ಅವರ ಬಲಗಾಲಿಗೆ ಈ ಲೋಕದ ಮೇಲೆ ಕಾಸಿನಷ್ಟೂ ನಂಬಿಕೆಯಿಲ್ಲ. ಸಿನಿಮಾದಲ್ಲಿ ಹೀರೋ ಓಡಿದರೆ ಮುಂದಿನ ಸೀಟಿನವರಿಗೆ ಒದೆ ಬೀಳುತ್ತದೆ.

ಮಗಳನ್ನು ಶಾಲೆಗೆ ತಯಾರು ಮಾಡುವುದು ನನಗೆ ಬಿಡು ಎಂದು ಮೇಷ್ಟ್ರು ಎದೆ ತಟ್ಟಿಕೊಂಡ ದಿನ ಅಕ್ಕ ಹೂಂ ಅಂದಿದ್ದೇ ಎಡವಟ್ಟಾಯಿತು. ಮಂಚದಿಂದ ಇಳಿಯುವ ಮುಂಚೆ ಮಗು ಹಿಂದೆ ನೋಡಬೇಕು, ಬಚ್ಚಲಿಗೆ ತಿರುಗುವಾಗ ಕೈ ತೋರಿಸಬೇಕು. ಊಟದ ಡಬ್ಬಿ ತೆರೆಯುವ ಪರೀಕ್ಷೆಯಲ್ಲಿ ಮಾತ್ರ ಅದು ದಿನವೂ ಫೇಲು. ಮುಚ್ಚಳಕ್ಕೆ ಬೆರಳು ತಾಗುವಷ್ಟರಲ್ಲಿ ಅಪ್ಪನ ಕೈ ಬಂದು ತೆರೆದಾಗಿರುತ್ತಿತ್ತು.

"ಮಗು ಅತ್ತುಬಿಡ್ತೇನೇ?"

"ಅದಾ? ಹಿಂದೆ ನೋಡ್ತು, ಅಪ್ಪಂಗೆ ಕೈ ತೋರಿಸ್ತು, ಕಿಟಕಿ ಮುಚ್ಕೊಳ್ತು. ಅತ್ತಿದ್ದು ಭಾವ."

ಅಕ್ಕ ನಕ್ಕಳು. ಆದರೆ ಕಟಿಂಗ್ ಮೇಜಿನ ಕೆಳಗೆ ಹಾಸಿದ್ದ ಮಗುವಿನ ಚಾಪೆ ಕಣ್ಣಿಗೆ ಬಿದ್ದದ್ದೇ ನಗು ಇಂಗಿಹೋಯಿತು. ಮೊನ್ನೆ ಮಗು ಗಿರಾಕಿಯ ಬ್ಲೌಸಿಗೆ ಕತ್ತರಿ ಆಡಿಸಿದ ಮೇಲೆ, ಸೋಮವಾರದಿಂದ ಒಬ್ಬಳೇ ಬರೋದಾದ್ರೆ ಬಾ ಎಂದು ಅಂಗಡಿಯ ಯಜಮಾನಿ ಖಡಾಖಂಡಿತ ಹೇಳಿದ್ದಳು. ಶಾಲೆ ತಪ್ಪಿದರೆ ಕೆಲಸವೂ ತಪ್ಪಿತು.

"ಸೀಟು ಹೋಯ್ತಾ?"

"ಇನ್ನೂ ಇಲ್ಲ. ಮಗೂಗೆ ಶಾಲೆ ಒಗ್ಗಿದೆ, ಅಪ್ಪಂಗೇ ಒಗ್ಗಿಲ್ಲ ಅಂದ್ರು ದೊಡ್ಡ ಟೀಚರ್. ನಾಳೆ ಒಂದಿನ ನೋಡ್ತಾರಂತೆ. ಆಗ್ಲೂ ಇದೇ ಕತೆ ಆದ್ರೆ ಬೇರೆ ಮಗೂಗೆ ಕೊಡ್ತಾರಂತೆ."

ಅಷ್ಟರಲ್ಲಿ ಮೇಷ್ಟ್ರು ಕಾರು ನಿಲ್ಲಿಸಿ ಒಳಗೆ ಬಂದರು. ಮೂತಿ ಊದಿತ್ತು.

"ಮಗು ಕೈಗೆ ಕತ್ತರಿ ಕೊಟ್ಟಿದಾರೆ ಕಣೇ."

"ಮೊಂಡು ಕತ್ತರಿ ಭಾವ," ಎಂದಳು ತಂಗಿ. "ಅದ್ರಲ್ಲಿ ಬಾಳೆಹಣ್ಣೂ ಕಟ್ ಆಗಲ್ಲ."

"ಪಕ್ಕದಲ್ಲಿ ಒಬ್ರು ಇರ್ಬೇಡ್ವಾ? ಏನಾದ್ರೂ ಆದ್ರೆ?"

"ನಿಮ್ಮ ಹತ್ರ ಕಲ್ತವರು ಈಗ ಒಬ್ಬೊಬ್ರೇ ಓಡಿಸ್ತಿದಾರೋ," ಅಕ್ಕ ಕೇಳಿದಳು, "ಇಲ್ಲ ಎಲ್ಲರ ಡಿಕ್ಕಿಲೂ ನೀವೇ ಕೂತಿದೀರೋ?"

ಮೇಷ್ಟ್ರು ಕಟಿಂಗ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. ಅಕ್ಕ ಅವರ ಎದುರೇ ದೊಡ್ಡ ಟೀಚರಿಗೆ ಫೋನು ಹಚ್ಚಿದಳು.

"ಇವತ್ತು ಕಿಟಕಿ ಹೊರಗೆ ನಿಂತಿದ್ರಲ್ಲ, ಅವರ ಹೆಂಡತಿ ಮಾತಾಡ್ತಿರೋದು. ನಾಳೆ ಮಗೂನ ನಾನೇ ಬಿಡ್ತೀನಿ. ಇವರು ಗೇಟಿಂದ ಆಚೆ ಇರ್ತಾರೆ."

"ರಸ್ತೆಯಿಂದ ಆಚೆ ಇರ್ಲಮ್ಮ," ಎಂದಿತು ಫೋನು.

ಮೇಜಿನ ಕೆಳಗೆ ಮೇಷ್ಟ್ರ ಬಲಗಾಲು ಮಗುವಿನ ಚಾಪೆಯನ್ನು ನೆಲಕ್ಕೆ ಅಮುಕಿ ಹಿಡಿದಿತ್ತು. ಅಕ್ಕ ಫೋನಿಗೆ ಕೈ ಅಡ್ಡ ಹಿಡಿದಳು.

"ಕಾಲು ತೆಗೀರಿ."

ಮೇಷ್ಟ್ರು ತೆಗೆದರು. ಪಾಪ, ಎಲ್ಲಿಡಬೇಕೆಂದು ತಿಳಿಯದೆ ಕಾಲನ್ನು ಗಾಳಿಯಲ್ಲೇ ಹಿಡಿದುಕೊಂಡರು.

"ಆಯ್ತು ಮೇಡಂ," ಎಂದಳು ಅಕ್ಕ. "ರಸ್ತೆಯಿಂದ ಆಚೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ."