ಖಾಲಿ ದೋಣಿಯ ಎತ್ತರ

ಟುಲ್ಲಿಯೊನ ಅಕ್ಕ ಜೆಮ್ಮಾ ಮೆಲ್ಬರ್ನ್‌ಗೆ ಹೋಗಿ ಅರವತ್ತೊಂದು ವರ್ಷವಾಗಿತ್ತು. ಅಕ್ಟೋಬರ್‌ನ ಆ ಮಂಗಳವಾರ ಮಧ್ಯಾಹ್ನ ಅವಳಿದ್ದ ಪ್ರವಾಸಿ ಹಡಗು ತವರೂರು ವೆನಿಸ್‌ನ ಎದುರು ದಡದ ಮಾರ್ಗೇರಾ ಬಂದರಿಗೆ ಬಂತು. ದೊಡ್ಡ ಹಡಗುಗಳನ್ನು ಈಗ ವೆನಿಸ್ ಊರೊಳಗೆ ಬಿಡುವುದಿಲ್ಲ. ಎಂಬತ್ತಾರರ ಜೆಮ್ಮಾಗೆ ಗಾಲಿಕುರ್ಚಿಯಿಂದ ಏಳಲಾಗದು. ಹಡಗಿನ ಸಿಬ್ಬಂದಿ ಮೂರರಿಂದ ನಾಲ್ಕರವರೆಗೆ ಅವಳನ್ನು ನಿಲ್ದಾಣದ ಹಜಾರದಲ್ಲಿ ಕೂರಿಸಲು ಒಪ್ಪಿದ್ದರು. ಐದಕ್ಕೆ ಹಡಗು ಹೊರಡುತ್ತದೆ.

"ಬಸ್ಸಲ್ಲಿ ಹೋಗು ಪಪ್ಪಾ," ಎಂದಳು ಮಗಳು ಫ್ಲಾವಿಯಾ.

"ನಲವತ್ತು ವರ್ಷ ದೋಣೀಲಿ ಸರಕು ಸಾಗಿಸಿದೋನು ನಾನು. ಅಕ್ಕನ್ನ ನೋಡೋಕೆ ಚಕ್ರದ ಮೇಲೆ ಹೋಗ್ಲಾ?"

ಎರಡೂವರೆಗೆ ಅವನು ತನ್ನ ಸರಕು ದೋಣಿಯಲ್ಲಿ ಹೊರಟ. ದೊಡ್ಡ ಕಾಲುವೆಯಲ್ಲಿ ಗಾಳಿಯಿತ್ತು, ಸಣ್ಣ ಕಾಲುವೆ ಹಿಡಿದ. ನೀರು ಏರಿತ್ತು. ಇಷ್ಟೇ ನೀರಿದ್ದಾಗ ಆ ಕಾಲುವೆಯ ಗಿಡ್ಡ ಸೇತುವೆಯಡಿ ಅವನು ನೂರಾರು ಸಲ ದಾಟಿದ್ದ. ಆದರೆ ಆಗೆಲ್ಲ ದೋಣಿಯಲ್ಲಿ ಸಿಮೆಂಟೋ ಬಿಯರ್ ಪೆಟ್ಟಿಗೆಗಳೋ ತುಂಬಿರುತ್ತಿದ್ದವು. ಇಂದು ಖಾಲಿ ದೋಣಿ ನೀರಿನ ಮೇಲೆ ಎತ್ತರಕ್ಕೆ ನಿಂತಿತ್ತು. ಚುಕ್ಕಾಣಿ ಗೂಡಿನ ಚಾವಣಿ ಕಮಾನಿಗೆ ಸಿಕ್ಕಿಕೊಂಡಿತು.

"ಏನಜ್ಜ, ಸೇತುವೆ ಹೊತ್ಕೊಂಡು ಹೋಗ್ತೀಯಾ?" ಮೇಲಿಂದ ಮೀನಿನಂಗಡಿಯವನು ಕೂಗಿದ.

"ಬಾಯಿ ಮುಚ್ಕೊಂಡು ದೋಣಿಗೆ ಇಳಿಯೋ. ನಿನ್ನ ಹೊಟ್ಟೆ ಇವತ್ತಾದ್ರೂ ಕೆಲಸಕ್ಕೆ ಬರ್ಲಿ!"

ಅವನೊಬ್ಬನ ಭಾರ ಸಾಲಲಿಲ್ಲ. ದಾರಿಹೋಕರನ್ನು ಕರೆದು, ಎದುರು ದಡದ ಹೋಟೆಲಿನವರನ್ನು ಕರೆದು, ಒಂಬತ್ತು ಜನ ಕೂತಮೇಲೆ ದೋಣಿ ನಾಲ್ಕು ಬೆರಳು ಕುಸಿದು ಬಿಡಿಸಿಕೊಂಡಿತು. ಅಷ್ಟರಲ್ಲಿ ನಾಲ್ಕೂಕಾಲು. ಎಲ್ಲರನ್ನೂ ದಡಕ್ಕಿಳಿಸಿದ ಟುಲ್ಲಿಯೊ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ.

ಅವನು ಮಾರ್ಗೇರಾ ಸಮೀಪಿಸಿದಾಗ ಐದು ದಾಟಿತ್ತು, ಹಡಗು ದಡ ಬಿಟ್ಟು ದಕ್ಷಿಣಕ್ಕೆ ತಿರುಗಿತ್ತು. ಬಂದರಿನ ಕಾವಲು ದೋಣಿಯವರು ಹಡಗಿನ ಹತ್ತಿರ ಬಿಡದೆ ಅವನನ್ನು ಪೂರ್ವಕ್ಕೆ, ದೂರಕ್ಕೆ ಸರಿಸಿದರು. ಜೆಮ್ಮಾಳ ಫೋನ್ ಬಂತು.

"ಟುಲ್ಲಿಯೊ, ಎಲ್ಲಿ ಸತ್ತೆಯೋ? ನಾಲ್ಕೂ ಹತ್ತರವರೆಗೂ ಕೂತಿದ್ದೆ. ಹಡಗಿನ ಹುಡುಗಿ ಪಾಪ, ಇನ್ನೈದು ನಿಮಿಷ ಇನ್ನೈದು ನಿಮಿಷ ಅಂತ ನಿಲ್ಸಿದ್ಲು."

"ಸೇತುವೆಗೆ ಸಿಕ್ಕಾಕೊಂಡೆ ಅಕ್ಕ."

"ನೀನಾ? ಸೇತುವೆಗಾ?" ಅವಳು ನಕ್ಕಳು, ಆಮೇಲೆ ಕೆಮ್ಮಿದಳು. "ಈಗ ಮೇಲಿನ ಮಹಡೀಲಿದ್ದೀನಿ. ಎದುರಿಗೆ ಬರೀ ಕಾರ್ಖಾನೆ ಚಿಮಣಿ. ನೀನೆಲ್ಲಿ?"

ಚಿಮಣಿಗಳಿದ್ದದ್ದು ಹಡಗಿನ ಪಶ್ಚಿಮಕ್ಕೆ. ಅವನಿದ್ದದ್ದು ಪೂರ್ವಕ್ಕೆ, ನಡುವೆ ಹದಿಮೂರು ಮಹಡಿಯ ಬಿಳಿ ಗೋಡೆ. ಅವಳು ಕುರ್ಚಿ ತಳ್ಳಿಸಿಕೊಂಡು ಈ ಬದಿಗೆ ಬರುವಷ್ಟರಲ್ಲಿ ಹಡಗು ದೂರ ಹೋಗಿರುತ್ತದೆ. ಅವನು ದೋಣಿಯಲ್ಲಿ ಎದ್ದು ನಿಂತ.

"ಇಲ್ಲೇ ಕೆಳಗಿದ್ದೀನಿ. ಕೈ ಬೀಸ್ತಿದ್ದೀನಿ ನೋಡು."

ಅವನು ಆ ಬಿಳಿ ಗೋಡೆಯತ್ತ ಕೈ ಬೀಸಿದ.

"ಹಾಂ, ಕಂಡೆ," ಎಂದಳು ಜೆಮ್ಮಾ. "ತುಂಬ ಸೊರಗಿದ್ದೀಯ ಕಣೋ."

"ನೀನೂ ಕಂಡೆ ಅಕ್ಕ," ಎಂದ ಟುಲ್ಲಿಯೊ. "ಹಾಗೇ ಇದ್ದೀಯ."