ಗೂಟದ ಮೇಲಿನ ಮಫ್ಲರ್

"ಮಫ್ಲರ್ ಗೂಟದ ಮೇಲೇ ಇತ್ತು ಮಾವ. ಹೀರೋ ಬಾಗಿಲು ಎಳೆದುಕೊಳ್ಳುವಾಗ ಸರಿಯಾಗಿ ಕಾಣುತ್ತೆ. ಸ್ಟೇಷನ್ನಿಗೆ ಬರೋ ಹೊತ್ತಿಗೆ ಕುತ್ತಿಗೆಗೆ ಹೇಗೆ ಬಂತು? ಹಾರ್ಕೊಂಡು ಬಂತಾ?"

"ವಾಪಸ್ ಹೋಗಿ ತಗೊಂಡಿದ್ದಾನೆ ಅಳಿಯಂದಿರೇ. ನಮಗೆ ತೋರಿಸಿಲ್ಲ, ಅಷ್ಟೆ."

"ತೋರಿಸಿಲ್ಲ ಅಂದ್ರೆ ಮರೆತಿದ್ದಾರೆ."

"ನೀವು ಬೆಳಿಗ್ಗೆ ಹಲ್ಲುಜ್ಜಿದ್ದನ್ನೂ ನಾನು ನೋಡಿಲ್ಲ. ಉಜ್ಜಿಲ್ಲ ಅನ್ನಲಾ?"

ಅವನಿಗೆ ನಗು ಬಂತು. ಫೋನನ್ನು ಭುಜಕ್ಕೆ ಒತ್ತಿಕೊಂಡು ಟಿ.ವಿ.ಯ ಸದ್ದು ತಗ್ಗಿಸಿದ. ಭಾನುವಾರ ಮಧ್ಯಾಹ್ನದ ಹಳೇ ಸಿನಿಮಾ ಆಗಷ್ಟೇ ಮುಗಿದಿತ್ತು.

ಮದುವೆಯಾದ ಹೊಸದರಲ್ಲಿ ಶುರುವಾದ ಜಗಳ ಇದು. ಮಾವ ಟೈಪಿಂಗ್ ಮೇಷ್ಟ್ರು. ಜೀವಮಾನವಿಡೀ ಬೇರೆಯವರ ತಪ್ಪಿಗೆ ಕೆಂಪು ಸುತ್ತು ಹಾಕಿದವರು, ಸಿನಿಮಾದಲ್ಲಿ ಮಾತ್ರ ಒಂದು ತಪ್ಪನ್ನೂ ಒಪ್ಪುತ್ತಿರಲಿಲ್ಲ. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು ಇಬ್ಬರೂ ಕಿತ್ತಾಡುತ್ತಿದ್ದರೆ ಹೆಂಡತಿ ಒಳಗಿನಿಂದ, "ನಿಮ್ಮಿಬ್ಬರಿಗೂ ಮಾಡೋಕೆ ಬೇರೆ ಕೆಲಸ ಇಲ್ಲ" ಎನ್ನುತ್ತಿದ್ದಳು. ಕಳೆದ ವರ್ಷ ಕೋರ್ಟು ಗಂಡ ಹೆಂಡತಿಯನ್ನು ಬೇರೆ ಮಾಡಿತು. ಮಾವ ಅಳಿಯನ ಬಗ್ಗೆ ತೀರ್ಪಿನಲ್ಲಿ ಏನೂ ಇರಲಿಲ್ಲ. ಆ ವಾರದ ಸಿನಿಮಾ ಮುಗಿಯುತ್ತಲೇ ಫೋನ್ ಬಂತು: "ಅಳಿಯಂದಿರೇ, ನೋಡಿದ್ರಾ?" ಅವಳ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಅಂದಿನಿಂದ ಹಾಗೇ ನಡೆದಿತ್ತು.

ವಾರದ ಉಳಿದ ದಿನ ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಗಿರಾಕಿಗಳೆಲ್ಲ ಮುಂದೆಯೇ. ಮೆಷಿನ್ನಿನ ಸದ್ದಿನಲ್ಲಿ ಅವನನ್ನು ಮಾತಾಡಿಸಲು ಯಾರೂ ಬರುತ್ತಿರಲಿಲ್ಲ. ಕೆಲವು ಸಲ ಶನಿವಾರ ಸಂಜೆ ಬಾಯಿ ತೆರೆದರೆ ಗಂಟಲು ಕೆರೆಯುತ್ತಿತ್ತು.

"ಎರಡು ಮಫ್ಲರ್ ಇದ್ದವು ಅನ್ನಿ ಮತ್ತೆ" ಎಂದು ಕೆಣಕಿದ.

"ಬಾಡಿಗೆ ಕಟ್ಟೋಕೆ ಗತಿಯಿಲ್ಲದವನಿಗೆ ಎರಡು ಮಫ್ಲರಾ? ವಾಪಸ್ ಹೋಗಿದ್ದಾನೆ ಅಂದೆನಲ್ಲ."

"ಅಷ್ಟೊಂದು ಜಗಳ ಆಡಿ ಹೊರಬಿದ್ದವನು ವಾಪಸ್ ಹೋದ್ರೆ ಅವಳು ಬಾಗಿಲು ತೆಗೀತಿದ್ಲಾ ಮಾವ?"

ಆ ಕಡೆ ಮಾವ ಟಿ.ವಿ. ಆರಿಸಿದ್ದು ಕೇಳಿಸಿತು.

"ಸಿನಿಮಾದಲ್ಲಾ?"

"ಹೂಂ. ಸಿನಿಮಾದಲ್ಲೇ."

ಮಾವ ಕೆಮ್ಮಿದರು. ಆಮೇಲೆ ದನಿ ತಗ್ಗಿಸಿ, "ಬರೋ ಶುಕ್ರವಾರ ಅವಳು ರಿಜಿಸ್ಟರ್ ಮದುವೆ ಇಟ್ಕೊಂಡಿದ್ದಾಳೆ. ನಿಮಗೆ ಬೇರೆಯವರ ಬಾಯಲ್ಲಿ ಗೊತ್ತಾಗೋದು ಬೇಡ ಅಂತ ಹೇಳಿದೆ" ಎಂದರು.

ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಅವನು ಅದನ್ನೇ ಕೊನೆಯವರೆಗೂ ನೋಡಿದ.

"ಒಳ್ಳೇದಾಯ್ತು ಮಾವ. ಮದುವೆ ಆಗೋರೂ ಸಿನಿಮಾ ನೋಡ್ತಾರಾ?"

"ಭಾನುವಾರ ಊಟಕ್ಕೆ ಬಂದಾಗ ನನ್ನ ಜೊತೆ ಕೂತ್ಕೊಳ್ತಾರೆ. ನಾನು ಏನಂದ್ರೂ ಹೂಂ ಅಂತಾರೆ. ಇನ್ನು ಮೇಲೆ ಪ್ರತಿ ಭಾನುವಾರವೂ ಇಲ್ಲೇ."

ಇನ್ನು ಭಾನುವಾರ ಫೋನ್ ಬರುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಏನಾದರೂ ಕೊಟ್ಟು ಕಳಿಸಬೇಕು ಅನ್ನಿಸಿತು. ಕೊಡಲು ಇದ್ದದ್ದು ಒಂದೇ.

"ಯೋಚನೆ ಮಾಡಿದ್ರೆ ನೀವು ಹೇಳಿದ್ದೂ ಇರಬಹುದು ಮಾವ. ವಾಪಸ್ ಹೋಗಿರಬಹುದು."

"ಇಲ್ಲಪ್ಪ" ಎಂದರು ಅವರು. "ನೀವು ಹೇಳಿದ್ದೇ ಸರಿ. ಅದು ತಪ್ಪೇ. ಮರೆತಿದ್ದಾರೆ."

ಇಷ್ಟು ವರ್ಷದಲ್ಲಿ ಅವರು ಒಪ್ಪಿದ ಮೊದಲ ತಪ್ಪು.

"ಫೋನ್ ಇಡ್ಲಾಪ್ಪಾ?" ಎಂದರು. ಇವನು ಹೂಂ ಎಂದ ಮೇಲೂ ಒಂದೆರಡು ಉಸಿರು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು. ಅಳಿಯಂದಿರೇ ಅನ್ನಲಿಲ್ಲ ಎಂಬುದು ಅವನಿಗೆ ಹೊಳೆದದ್ದು ರಾತ್ರಿ ತಟ್ಟೆ ತೊಳೆಯುವಾಗ.

ಮುಂದಿನ ಭಾನುವಾರದ ಸಿನಿಮಾ ಆಸ್ಪತ್ರೆಯ ಕಥೆ. ಡಾಕ್ಟರು ಬಾಗಿಲಲ್ಲಿ ನಿಂತಾಗ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ. ಎರಡು ಹೆಜ್ಜೆ ಇಟ್ಟು ಮಂಚದ ಹತ್ತಿರ ಬರುವಷ್ಟರಲ್ಲಿ ಮೂರೂವರೆ. ಕುರುಡನಿಗೂ ಕಾಣುವಂಥದ್ದು. ಅವನು ಸೋಫಾದ ಎಡತುದಿಯಲ್ಲಿ ಕೂತಿದ್ದ.

"ಇದಕ್ಕೇನು ಹೇಳ್ತೀರಿ?" ಎಂದ.

ಬಲತುದಿಯಲ್ಲಿ ಒಣಗಿದ ಬಟ್ಟೆಗಳ ರಾಶಿ ಇತ್ತು. ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಟಿ.ವಿ.ಯ ಸದ್ದು ಇನ್ನಷ್ಟು ತಗ್ಗಿಸಿ, ಒಂದೊಂದೇ ಅಂಗಿ ಮಡಚತೊಡಗಿದ.